ಆ್ಯಂಟಿಬಯಾಟಿಕ್ ಡ್ರೈ ಸಿರಪ್: ನೀರು ಬೆರೆಸಿದ ಮೇಲೆ ಏಳೇ ದಿನ ಏಕೆ?

ಮಗುವಿಗೆ ಕಿವಿನೋವು, ಜ್ವರ. ಡಾಕ್ಟರು ಆ್ಯಂಟಿಬಯಾಟಿಕ್ ಸಿರಪ್ ಬರೆದುಕೊಟ್ಟರು. ಮೆಡಿಕಲ್ ಶಾಪಿನಲ್ಲಿ ಕೊಟ್ಟ ಬಾಟಲಿಯಲ್ಲಿ ಸಿರಪ್ ಇರಲಿಲ್ಲ, ತಳದಲ್ಲಿ ಸ್ವಲ್ಪ ಬಿಳಿ ಪುಡಿ ಇತ್ತು. ಮನೆಗೆ ಬಂದು ನೀರು ಹಾಕಿ ಕುಲುಕಿ ಕೊಟ್ಟಿರಿ. ಮಗು ಚೇತರಿಸಿಕೊಂಡಿತು. ಬಾಟಲಿಯಲ್ಲಿ ಇನ್ನೂ ಅರ್ಧ ಉಳಿದಿತ್ತು. ಎಸೆಯಲು ಮನಸ್ಸಾಗದೆ ಫ್ರಿಜ್ಜಿನ ಬಾಗಿಲಲ್ಲಿ ಇಟ್ಟಿರಿ. ಎರಡು ತಿಂಗಳ ನಂತರ ಮಗುವಿಗೆ ಮತ್ತೆ ಜ್ವರ ಬಂತು. ಬಾಟಲಿ ತೆಗೆದು ನೋಡಿದರೆ ಎಕ್ಸ್‌ಪೈರಿ ದಿನಾಂಕಕ್ಕೆ ಇನ್ನೂ ಒಂದು ವರ್ಷವಿದೆ. ಬಣ್ಣವೂ ಕೆಟ್ಟಿಲ್ಲ, ವಾಸನೆಯೂ ಇಲ್ಲ. ಕೊಡಬಹುದೇ?

ಕೊಡಬಾರದು. ಬಾಟಲಿಯ ಮೇಲೆ ಅಚ್ಚಾದ ಎಕ್ಸ್‌ಪೈರಿ ದಿನಾಂಕ ಒಣ ಪುಡಿಗೆ ಸಂಬಂಧಿಸಿದ್ದು. ನೀರು ಹಾಕಿದ ಕ್ಷಣದಿಂದ ಬೇರೆಯದೇ ಲೆಕ್ಕ ಶುರುವಾಗುತ್ತದೆ. ಸಾಮಾನ್ಯವಾಗಿ ಅದು ಏಳು ದಿನ ಮಾತ್ರ. ಈ ಮಿತಿ ಕಂಪನಿಯವರು ಮಾರಾಟಕ್ಕಾಗಿ ಹಾಕಿದ್ದಲ್ಲ. ಪುಡಿಯಲ್ಲಿರುವ ಔಷಧ ನೀರಿನಲ್ಲಿ ದಿನದಿಂದ ದಿನಕ್ಕೆ ಒಡೆದುಹೋಗುತ್ತದೆ. ಅದು ಹೇಗೆ ನಡೆಯುತ್ತದೆ, ಮನೆಯಲ್ಲಿ ನೀವು ಏನು ಮಾಡಬೇಕು ಎಂಬುದನ್ನು ಈ ಲೇಖನದಲ್ಲಿ ತಿಳಿಯೋಣ. ಮಕ್ಕಳಿಗೆ ಹೆಚ್ಚಾಗಿ ಕೊಡುವ ಅಮಾಕ್ಸಿಸಿಲಿನ್ ಮತ್ತು ಕ್ಲಾವುಲಾನಿಕ್ ಆಮ್ಲ ಸೇರಿದ ಸಿರಪ್ಪನ್ನು ಉದಾಹರಣೆಯಾಗಿ ತೆಗೆದುಕೊಂಡಿದ್ದೇವೆ.

ಮೊದಲು ನೆನಪಿಡಬೇಕಾದ ನಾಲ್ಕು ವಿಷಯ

- ನೀರು ಬೆರೆಸಿದ ದಿನಾಂಕವನ್ನು ಅಂದೇ ಬಾಟಲಿಯ ಮೇಲೆ ಪೆನ್ನಿನಲ್ಲಿ ಬರೆಯಿರಿ.
- ಲೇಬಲ್ಲಿನಲ್ಲಿ ಫ್ರಿಜ್ಜಿನಲ್ಲಿ ಇಡಿ ಎಂದಿದ್ದರೆ ಹೊರಗೆ ಇಡಬೇಡಿ.
- ಅವಧಿ ಮುಗಿದ ಮೇಲೆ ಉಳಿದದ್ದನ್ನು ಮತ್ತೆ ಬಳಸಬೇಡಿ, ಬೇರೆ ಮಗುವಿಗೂ ಕೊಡಬೇಡಿ.
- ಎರಡು ಬಾಟಲಿ ಕೊಟ್ಟಿದ್ದರೆ ಎರಡಕ್ಕೂ ಒಟ್ಟಿಗೆ ನೀರು ಹಾಕಬೇಡಿ.

ಪುಡಿಯಾಗಿ ಕೊಡುವುದೇಕೆ?

ಕೆಮ್ಮಿನ ಸಿರಪ್ಪು, ಪ್ಯಾರಾಸಿಟಮಾಲ್ ಸಿರಪ್ಪು ದ್ರವವಾಗಿಯೇ ಸಿಗುತ್ತವೆ. ಅವುಗಳಲ್ಲಿನ ಔಷಧ ನೀರಿನಲ್ಲಿ ಬಹುಕಾಲ ಹಾಗೇ ಉಳಿಯುತ್ತದೆ. ಪೆನಿಸಿಲಿನ್ ಗುಂಪಿನ ಔಷಧಗಳ ಸ್ವಭಾವ ಹಾಗಲ್ಲ. ಒಣಗಿದ್ದಾಗ ಅವು ವರ್ಷಗಟ್ಟಲೆ ಉಳಿಯುತ್ತವೆ, ಒದ್ದೆಯಾದರೆ ಕೆಡತೊಡಗುತ್ತವೆ.

ಈ ತೊಂದರೆ ಪೆನಿಸಿಲಿನ್ ಹುಟ್ಟಿದ ದಿನದಿಂದಲೂ ಇದೆ. 1928ರಲ್ಲಿ ಲಂಡನ್ನಿನ ಅಲೆಕ್ಸಾಂಡರ್ ಫ್ಲೆಮಿಂಗ್ ಬೂಷ್ಟಿನ ರಸದಲ್ಲಿ ಬ್ಯಾಕ್ಟೀರಿಯಾ ಕೊಲ್ಲುವ ಗುಣವನ್ನು ಕಂಡರು. ಆದರೆ ಆ ರಸ ತನ್ನ ಶಕ್ತಿಯನ್ನು ಬೇಗ ಕಳೆದುಕೊಳ್ಳುತ್ತಿತ್ತು. ಅದನ್ನು ಶುದ್ಧ ಔಷಧವಾಗಿ ಹಿಡಿದಿಡುವುದು ಅವರಿಗೆ ಆಗಲಿಲ್ಲ. ಹತ್ತು ವರ್ಷಗಳ ನಂತರ ಆಕ್ಸ್‌ಫರ್ಡ್‌ನಲ್ಲಿ ಹೊವಾರ್ಡ್ ಫ್ಲೋರಿ, ಅರ್ನ್‌ಸ್ಟ್ ಚೈನ್ ಮತ್ತು ಸಂಗಡಿಗರು ಆ ಕೆಲಸ ಕೈಗೆತ್ತಿಕೊಂಡರು. ತಂಪಿನಲ್ಲಿ ಕೆಲಸ ಮಾಡಿ, ಹೆಪ್ಪುಗಟ್ಟಿಸಿ ನೀರನ್ನು ತೆಗೆದುಹಾಕಿ, ಪುಡಿಯ ರೂಪದಲ್ಲಿ ಅದನ್ನು ಉಳಿಸಿಕೊಂಡರು. ನಮ್ಮ ದೇಶದಲ್ಲಿ ಪೆನಿಸಿಲಿನ್ ತಯಾರಿಸಲೆಂದು ಪುಣೆಯ ಪಕ್ಕದ ಪಿಂಪ್ರಿಯಲ್ಲಿ 1954ರಲ್ಲಿ ಹಿಂದೂಸ್ತಾನ್ ಆ್ಯಂಟಿಬಯಾಟಿಕ್ಸ್ ಕಾರ್ಖಾನೆ ಸ್ಥಾಪನೆಯಾಯಿತು. ಇಂದಿಗೂ ಪೆನಿಸಿಲಿನ್ ಗುಂಪಿನ ಅನೇಕ ಇಂಜೆಕ್ಷನ್‌ಗಳು ಗಾಜಿನ ಸಣ್ಣ ಬಾಟಲಿಯಲ್ಲಿ ಪುಡಿಯಾಗಿಯೇ ಬರುತ್ತವೆ. ನರ್ಸ್ ಅದಕ್ಕೆ ನೀರು ಬೆರೆಸುವುದು ಚುಚ್ಚುವ ಮುಂಚೆಯಷ್ಟೇ. ನಿಮ್ಮ ಮನೆಯ ಡ್ರೈ ಸಿರಪ್ಪಿನ ಹಿಂದೆ ಇರುವುದೂ ಅದೇ ಕಾರಣ.

ನೀರಿನಲ್ಲಿ ಏನಾಗುತ್ತದೆ?

ಪೆನಿಸಿಲಿನ್ ಗುಂಪಿನ ಪ್ರತಿಯೊಂದು ಔಷಧದ ಅಣುವಿನ ನಡುವೆ ಒಂದು ಪುಟ್ಟ ಉಂಗುರವಿದೆ. ಮೂರು ಇಂಗಾಲದ ಪರಮಾಣು, ಒಂದು ಸಾರಜನಕದ ಪರಮಾಣು ಸೇರಿ ಚೌಕಾಕಾರದಲ್ಲಿ ಕಟ್ಟಿಕೊಂಡಿರುವ ಈ ಉಂಗುರಕ್ಕೆ ಬೀಟಾ ಲ್ಯಾಕ್ಟಮ್ ಎಂದು ಹೆಸರು. ಪೆನಿಸಿಲಿನ್‌ನಲ್ಲಿ ಇಂಥದೊಂದು ಉಂಗುರ ಇದೆ ಎಂಬುದನ್ನು 1945ರಲ್ಲಿ ಡೊರೊಥಿ ಹಾಡ್ಜ್‌ಕಿನ್ ಎಕ್ಸ್‌ರೇ ಕಿರಣಗಳ ನೆರವಿನಿಂದ ಖಚಿತಪಡಿಸಿದರು.

ಪರಮಾಣುಗಳಿಗೆ ಇಷ್ಟು ಇಕ್ಕಟ್ಟಿನ ಚೌಕದಲ್ಲಿ ಇರುವುದು ಸಹಜವಲ್ಲ. ಹಸಿ ಬಿದಿರನ್ನು ಬಾಗಿಸಿ ಹುರಿಯಿಂದ ಕಟ್ಟಿದರೆ ಅದು ಯಾವಾಗ ಬಿಡಿಸಿಕೊಂಡು ನೆಟ್ಟಗಾಗಲಿ ಎಂದು ಎಳೆಯುತ್ತಲೇ ಇರುತ್ತದಲ್ಲ, ಈ ಉಂಗುರವೂ ಹಾಗೆ. ಒಳಗೆ ಸದಾ ಒಂದು ಬಿಗಿತವಿರುತ್ತದೆ. ಔಷಧ ಕೆಲಸ ಮಾಡುವುದೂ ಆ ಬಿಗಿತದಿಂದಲೇ. ಬ್ಯಾಕ್ಟೀರಿಯಾ ತನ್ನ ಸುತ್ತ ಗೋಡೆ ಕಟ್ಟಿಕೊಳ್ಳಲು ಬಳಸುವ ಕಿಣ್ವಕ್ಕೆ ಈ ಅಣು ತಾಗಿದಾಗ ಉಂಗುರ ಬಿಚ್ಚಿಕೊಂಡು ಕಿಣ್ವಕ್ಕೆ ಅಂಟಿಕೊಳ್ಳುತ್ತದೆ. ಕಿಣ್ವ ಕೆಲಸ ನಿಲ್ಲಿಸುತ್ತದೆ, ಗೋಡೆ ಪೂರ್ತಿಯಾಗುವುದಿಲ್ಲ, ಬ್ಯಾಕ್ಟೀರಿಯಾ ಸಾಯುತ್ತದೆ.

ಉಂಗುರವನ್ನು ಬಿಚ್ಚುವುದು ಬ್ಯಾಕ್ಟೀರಿಯಾದ ಕಿಣ್ವವೊಂದೇ ಅಲ್ಲ. ನೀರಿನ ಅಣುವೂ ಅದನ್ನು ಬಿಚ್ಚಬಲ್ಲದು. ನೀರು ಆ ಉಂಗುರದ ಒಂದು ಬಂಧವನ್ನು ಮುರಿದು ತಾನೇ ಅಲ್ಲಿ ಸೇರಿಕೊಳ್ಳುತ್ತದೆ. ಇದಕ್ಕೆ ರಸಾಯನಶಾಸ್ತ್ರದಲ್ಲಿ ಹೈಡ್ರಾಲಿಸಿಸ್ ಎನ್ನುತ್ತಾರೆ, ನೀರಿನಿಂದಾಗುವ ವಿಭಜನೆ ಎಂದು ಅರ್ಥ. ಒಮ್ಮೆ ಬಿಚ್ಚಿದ ಉಂಗುರ ಬಾಟಲಿಯಲ್ಲಿ ಮತ್ತೆ ಕೂಡಿಕೊಳ್ಳುವುದಿಲ್ಲ. ಫ್ರಿಜ್ಜಿನಲ್ಲಿ ಇಟ್ಟರೂ ಇಲ್ಲ, ಕುಲುಕಿದರೂ ಇಲ್ಲ. ಬಿಚ್ಚಿಹೋದ ಅಣುವಿಗೆ ಬ್ಯಾಕ್ಟೀರಿಯಾ ಕೊಲ್ಲುವ ಶಕ್ತಿ ಇರುವುದಿಲ್ಲ.

ಅಂದರೆ ಈ ಔಷಧದ ಬಲ ಇರುವಲ್ಲೇ ಅದರ ದೌರ್ಬಲ್ಯವೂ ಇದೆ. ಉಂಗುರ ಗಟ್ಟಿಯಾಗಿದ್ದರೆ ಸಿರಪ್ಪು ಕೆಡುತ್ತಿರಲಿಲ್ಲ, ಆದರೆ ರೋಗವನ್ನೂ ವಾಸಿಮಾಡುತ್ತಿರಲಿಲ್ಲ.

ಮೊದಲು ಕೆಡುವುದು ಕ್ಲಾವುಲಾನಿಕ್ ಆಮ್ಲ

ಕೆಲವು ಬ್ಯಾಕ್ಟೀರಿಯಾಗಳು ಪೆನಿಸಿಲಿನ್‌ನಿಂದ ತಪ್ಪಿಸಿಕೊಳ್ಳಲು ಇದೇ ಉಪಾಯ ಕಲಿತಿವೆ. ಬೀಟಾ ಲ್ಯಾಕ್ಟಮೇಸ್ ಎಂಬ ಕಿಣ್ವವನ್ನು ತಯಾರಿಸಿ, ನೀರಿನ ಅಣುವನ್ನು ಬಳಸಿ, ಉಂಗುರವನ್ನು ಕ್ಷಣಮಾತ್ರದಲ್ಲಿ ಒಡೆದುಹಾಕುತ್ತವೆ. ಬಾಟಲಿಯಲ್ಲಿ ದಿನಗಟ್ಟಲೆ ನಡೆಯುವ ಕೆಲಸವನ್ನೇ ಅವು ಅತಿ ವೇಗದಲ್ಲಿ ಮಾಡುತ್ತವೆ. ಅದನ್ನು ತಡೆಯಲು ಅಮಾಕ್ಸಿಸಿಲಿನ್ ಜೊತೆಗೆ ಕ್ಲಾವುಲಾನಿಕ್ ಆಮ್ಲ ಸೇರಿಸುತ್ತಾರೆ. ಅದು ಆ ಕಿಣ್ವಕ್ಕೆ ತಾನೇ ಅಡ್ಡಬಿದ್ದು ಅಮಾಕ್ಸಿಸಿಲಿನ್ನನ್ನು ಕಾಪಾಡುತ್ತದೆ.

ಆದರೆ ನೀರಿನಲ್ಲಿ ಹೆಚ್ಚು ಬೇಗ ಕೆಡುವುದು ಈ ಕಾವಲುಗಾರನೇ. ಅಮಾಕ್ಸಿಸಿಲಿನ್ ನೀರಿನಲ್ಲಿ ಪೂರ್ತಿ ಕರಗುವುದಿಲ್ಲ. ಬಹುಪಾಲು ಸಣ್ಣ ಕಣಗಳಾಗಿ ತೇಲಿಕೊಂಡಿರುತ್ತದೆ. ಕರಗಿದ ಭಾಗದ ಮೇಲೆಯೇ ನೀರಿನ ಪ್ರಭಾವ ಹೆಚ್ಚಾದ್ದರಿಂದ ಕರಗದ ಕಣಗಳು ಅಷ್ಟರಮಟ್ಟಿಗೆ ಸುರಕ್ಷಿತ. ಕ್ಲಾವುಲಾನಿಕ್ ಆಮ್ಲದ ಲವಣ ನೀರಿನಲ್ಲಿ ಸುಲಭವಾಗಿ ಕರಗಿಬಿಡುತ್ತದೆ. ಅದರ ಉಂಗುರವೂ ಇನ್ನಷ್ಟು ಸೂಕ್ಷ್ಮ. ಹೀಗಾಗಿ ಹಳೆಯ ಬಾಟಲಿಯಲ್ಲಿ ಅಮಾಕ್ಸಿಸಿಲಿನ್ ಸಾಕಷ್ಟು ಉಳಿದಿದ್ದರೂ ಅದನ್ನು ಕಾಯುವ ಔಷಧ ಕಡಿಮೆಯಾಗಿರಬಹುದು. ಡಾಕ್ಟರು ಎರಡನ್ನೂ ಸೇರಿಸಿ ಬರೆದಿದ್ದರೆ ಎರಡೂ ಬೇಕು ಎಂಬ ಕಾರಣಕ್ಕೇ ಬರೆದಿರುತ್ತಾರೆ. ಈ ಸಿರಪ್ಪನ್ನು ಫ್ರಿಜ್ಜಿನಲ್ಲೇ ಇಡಿ ಎಂದು ಲೇಬಲ್ಲು ಒತ್ತಿ ಹೇಳುವುದು ಇದಕ್ಕೇ.

ದಿನ ಮತ್ತು ಬಿಸಿಲಿನ ಲೆಕ್ಕ

ಔಷಧ ಏಳನೇ ದಿನ ರಾತ್ರಿ ಒಮ್ಮೆಗೇ ಕೆಡುವುದಿಲ್ಲ. ಮೊದಲ ದಿನದಿಂದಲೇ ಸ್ವಲ್ಪ ಸ್ವಲ್ಪ ಕಡಿಮೆಯಾಗುತ್ತಾ ಹೋಗುತ್ತದೆ. ಏಳು ದಿನದವರೆಗೆ ಕೊಡುವ ಡೋಸ್ ಸಾಕಷ್ಟಿರುತ್ತದೆ ಎಂದು ಕಂಪನಿ ಪರೀಕ್ಷಿಸಿ ನೋಡಿರುತ್ತದೆ. ಅದರ ನಂತರದ ಭರವಸೆ ಇಲ್ಲ.

ಇದರಲ್ಲಿ ಬಿಸಿಯ ಪಾತ್ರ ದೊಡ್ಡದು. ತಾಪಮಾನ 10 ಡಿಗ್ರಿ ಸೆಲ್ಸಿಯಸ್ ಏರಿದರೆ ಇಂಥ ವಿಭಜನೆಯ ವೇಗ ಸುಮಾರು ಎರಡು ಪಟ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚಾಗುತ್ತದೆ ಎಂಬುದು ರಸಾಯನಶಾಸ್ತ್ರದ ಒರಟು ಲೆಕ್ಕ. ವಿಷಯ ಅರ್ಥವಾಗಲೆಂದು ಒಂದು ಉದಾಹರಣೆ ಕಲ್ಪಿಸಿಕೊಳ್ಳಿ. ಇದು ಯಾವುದೇ ನಿರ್ದಿಷ್ಟ ಔಷಧದ ಅಳತೆ ಅಲ್ಲ. ಒಂದು ಔಷಧ 5 ಡಿಗ್ರಿಯಲ್ಲಿ, ಅಂದರೆ ಫ್ರಿಜ್ಜಿನೊಳಗೆ, ದಿನಕ್ಕೆ 100ಕ್ಕೆ 1 ಭಾಗ ಕೆಡುತ್ತದೆ ಎನ್ನೋಣ. ಏಳು ದಿನದ ಕೊನೆಗೆ ಸುಮಾರು 93 ಭಾಗ ಉಳಿಯುತ್ತದೆ. ಅದೇ ಬಾಟಲಿ 35 ಡಿಗ್ರಿಯ ಅಡುಗೆಮನೆಯಲ್ಲಿದ್ದರೆ? ತಾಪಮಾನ 30 ಡಿಗ್ರಿ ಹೆಚ್ಚು, ವೇಗ ಎರಡು, ನಾಲ್ಕು, ಎಂಟು ಪಟ್ಟು. ದಿನಕ್ಕೆ 8 ಭಾಗದಂತೆ ಕೆಡುತ್ತಾ ಹೋದರೆ ಏಳು ದಿನದ ಕೊನೆಗೆ ಉಳಿಯುವುದು ಸುಮಾರು 56 ಭಾಗ. ನೀವು ಚಮಚ ತುಂಬ ಕೊಟ್ಟರೂ ಮಗುವಿಗೆ ಸಿಕ್ಕಿದ್ದು ಅರ್ಧದಷ್ಟೇ.

ಚೆನ್ನೈಯ ಮೇ ತಿಂಗಳು, ಹೈದರಾಬಾದಿನ ಏಪ್ರಿಲ್, ದೆಹಲಿಯ ಜೂನ್ ಬಲ್ಲವರಿಗೆ 35 ಡಿಗ್ರಿ ಎಂದರೆ ಮನೆಯೊಳಗಿನ ಸಾಮಾನ್ಯ ದಿನ. ನೀರು ಬೆರೆಸಿದ ಬಾಟಲಿ ದೇವರ ಗೂಡಿನ ಪಕ್ಕದಲ್ಲೋ ಟಿವಿ ಸ್ಟ್ಯಾಂಡಿನ ಮೇಲೋ ಇರಬಾರದು ಎನ್ನುವುದು ಈ ಲೆಕ್ಕದಿಂದ.

ಕೆಟ್ಟದ್ದು ಕಣ್ಣಿಗೆ ಕಾಣುವುದಿಲ್ಲ

ಹಾಲು ಕೆಟ್ಟರೆ ಒಡೆಯುತ್ತದೆ, ಸಾರು ಹಳಸಿದರೆ ವಾಸನೆ ಬರುತ್ತದೆ. ಆ್ಯಂಟಿಬಯಾಟಿಕ್ ಸಿರಪ್ಪಿನಲ್ಲಿ ಅಂಥ ಸೂಚನೆಯನ್ನು ನಂಬುವಂತಿಲ್ಲ. ಸಕ್ಕರೆ ಅಥವಾ ಸಿಹಿಕಾರಕ, ಹಣ್ಣಿನ ಪರಿಮಳ ಮೊದಲಿನಂತೆಯೇ ಇರುತ್ತವೆ. ಕೆಲವು ಸಲ ಬಣ್ಣ ಹಳದಿ ಅಥವಾ ಕಂದು ಬಣ್ಣಕ್ಕೆ ತಿರುಗಬಹುದು. ಹಾಗೆ ಗಾಢವಾಗಿ ತಿರುಗಿದ್ದರೆ ಬಳಸಬೇಡಿ. ಆದರೆ ಬಣ್ಣ ಬದಲಾಗಿಲ್ಲ ಎಂದಮಾತ್ರಕ್ಕೆ ಔಷಧ ಸರಿಯಾಗಿದೆ ಎಂದು ತಿಳಿಯಬೇಡಿ. ರುಚಿ ನೋಡಿಯೂ ಗೊತ್ತಾಗುವುದಿಲ್ಲ. ನಿಮಗಿರುವ ಒಂದೇ ಆಧಾರ ನೀವು ಬಾಟಲಿಯ ಮೇಲೆ ಬರೆದ ದಿನಾಂಕ.

ಶಕ್ತಿ ಕಡಿಮೆಯಾದ ಔಷಧದಿಂದ ಏನಾಗುತ್ತದೆ?

ಡಾಕ್ಟರು ಮಗುವಿನ ತೂಕ ನೋಡಿ, ಸೋಂಕು ಎಲ್ಲಿದೆ ಎಂದು ನೋಡಿ ಡೋಸ್ ಲೆಕ್ಕ ಹಾಕುತ್ತಾರೆ. ಅದರಲ್ಲಿ ಮೂರನೇ ಒಂದು ಭಾಗವೋ ಅರ್ಧವೋ ಬಾಟಲಿಯಲ್ಲೇ ನಾಶವಾಗಿದ್ದರೆ ಬ್ಯಾಕ್ಟೀರಿಯಾ ಪೂರ್ತಿ ಸಾಯದೆ ಉಳಿಯಬಹುದು. ಜ್ವರ ಇಳಿದಂತೆ ಕಂಡು ಮತ್ತೆ ಏರಬಹುದು. ಕಿವಿಯ ಸೋಂಕು, ನ್ಯುಮೋನಿಯಾ, ಮೂತ್ರದ ಸೋಂಕು ಒಳಗೊಳಗೇ ಬಲಿಯಬಹುದು. ಔಷಧ ಕೊಡುತ್ತಲೇ ಇದ್ದೇವೆ ಎಂಬ ನಂಬಿಕೆಯಿಂದ ಆಸ್ಪತ್ರೆಗೆ ಹೋಗುವುದು ತಡವಾಗುತ್ತದೆ. ಇದರ ನಿಜವಾದ ಅಪಾಯ ಇದೇ.

ಎರಡನೆಯ ತೊಂದರೆ ನಿಧಾನವಾದದ್ದು. ಕಡಿಮೆ ಪ್ರಮಾಣದ ಔಷಧಕ್ಕೆ ಸಿಕ್ಕಿಯೂ ಬದುಕಿ ಉಳಿದ ಬ್ಯಾಕ್ಟೀರಿಯಾಗಳಲ್ಲಿ ಔಷಧಕ್ಕೆ ಬಗ್ಗದಂಥವು ಹೆಚ್ಚಾಗುತ್ತವೆ. ಮುಂದೆ ನಿಜವಾಗಿ ಬೇಕಾದಾಗ ಅದೇ ಔಷಧ ಕೆಲಸ ಮಾಡದೆ ಹೋಗಬಹುದು.

ಉಳಿದ ಸಿರಪ್ಪನ್ನು ಮುಂದಿನ ಜ್ವರಕ್ಕೆ ಇಟ್ಟುಕೊಳ್ಳುವುದರಲ್ಲಿ ಇನ್ನೂ ಒಂದು ತಪ್ಪಿದೆ. ಮುಂದಿನ ಜ್ವರ ವೈರಸ್ಸಿನಿಂದ ಬಂದದ್ದಾದರೆ, ನೆಗಡಿ ಮತ್ತು ಫ್ಲೂ ಜ್ವರಗಳಂತೆ, ಹೊಸ ಬಾಟಲಿಯೂ ಅದನ್ನು ವಾಸಿಮಾಡದು. ಔಷಧದ ಲೇಬಲ್ಲಿನ ಎಡಬದಿಯಲ್ಲಿ ಕೆಂಪು ಗೆರೆ ಇದ್ದರೆ ಅದನ್ನು ಡಾಕ್ಟರ ಚೀಟಿ ಇಲ್ಲದೆ ಬಳಸಬಾರದು ಎಂದರ್ಥ.

ಸರಿಯಾಗಿ ನೀರು ಬೆರೆಸುವುದು ಹೇಗೆ?

ಸಾಧ್ಯವಾದರೆ ಮೆಡಿಕಲ್ ಶಾಪಿನ ಫಾರ್ಮಸಿಸ್ಟ್ ಕೈಯಲ್ಲೇ ಬೆರೆಸಿಸಿಕೊಳ್ಳಿ. ಮನೆ ದೂರವಿದ್ದರೆ, ಹೊರಗೆ ಬಿಸಿಲಿದ್ದರೆ ಮನೆಗೆ ಬಂದು ಬೆರೆಸುವುದೇ ಒಳ್ಳೆಯದು.

1. ಕೈ ತೊಳೆದುಕೊಳ್ಳಿ. ಬಾಟಲಿಯನ್ನು ಅಂಗೈಗೆ ತಟ್ಟಿ ತಳದ ಪುಡಿಯನ್ನು ಸಡಿಲ ಮಾಡಿ.
2. ಪೆಟ್ಟಿಗೆಯಲ್ಲಿ ಶುದ್ಧ ನೀರಿನ ಪುಟ್ಟ ಬಾಟಲಿ ಕೊಟ್ಟಿದ್ದರೆ ಅದನ್ನೇ ಬಳಸಿ. ಇಲ್ಲವಾದರೆ ಕುದಿಸಿ ಪೂರ್ತಿ ಆರಿಸಿದ ನೀರು ಬಳಸಿ. ಬಿಸಿ ಅಥವಾ ಉಗುರು ಬೆಚ್ಚಗಿನ ನೀರು ಬೇಡ, ಬಿಸಿಯಲ್ಲಿ ಔಷಧ ಬೇಗ ಒಡೆಯುತ್ತದೆ.
3. ಲೇಬಲ್ಲಿನ ಮೇಲೆ ಅಥವಾ ಗಾಜಿನ ಮೇಲೆ ಬಾಣ ಅಥವಾ ಗೆರೆಯ ಗುರುತು ಇರುತ್ತದೆ. ಮೊದಲು ಅರ್ಧದಷ್ಟು ನೀರು ಹಾಕಿ, ಮುಚ್ಚಳ ಬಿಗಿದು ಚೆನ್ನಾಗಿ ಕುಲುಕಿ.
4. ನೊರೆ ಇಳಿಯಲು ಬಿಡಿ. ನಂತರ ಗುರುತಿನವರೆಗೆ ನೀರು ತುಂಬಿ ಮತ್ತೆ ಕುಲುಕಿ. ಮಟ್ಟ ಗುರುತಿಗಿಂತ ಕೆಳಗಿಳಿದರೆ ಗುರುತಿಗೆ ಸರಿಯಾಗಿ ಇನ್ನಷ್ಟು ಸೇರಿಸಿ. ಗುರುತು ದಾಟಿಸಬೇಡಿ. ನೀರು ಹೆಚ್ಚಾದರೆ ಡೋಸ್ ತೆಳುವಾಗುತ್ತದೆ, ಕಡಿಮೆಯಾದರೆ ಡೋಸ್ ಹೆಚ್ಚಾಗುತ್ತದೆ.
5. ಬೆರೆಸಿದ ದಿನಾಂಕ ಮತ್ತು ಎಸೆಯಬೇಕಾದ ದಿನಾಂಕ ಎರಡನ್ನೂ ಬಾಟಲಿಯ ಮೇಲೆ ಬರೆಯಿರಿ.

ಬಾಟಲಿಯೊಳಗೆ ಹಾಲು, ಜ್ಯೂಸ್ ಹಾಕಬೇಡಿ. ಮಗು ಔಷಧ ಉಗುಳಿಬಿಡುತ್ತದೆ ಎಂದಾದರೆ ಒಂದು ಡೋಸನ್ನು ಮಾತ್ರ ಅಳೆದು ತೆಗೆದು, ಸ್ವಲ್ಪ ಹಾಲಿನಲ್ಲಿ ಬೆರೆಸಿ ತಕ್ಷಣ ಪೂರ್ತಿ ಕುಡಿಸಬಹುದೇ ಎಂದು ಡಾಕ್ಟರನ್ನು ಕೇಳಿ.

ಪ್ರತಿ ಸಲ ಕೊಡುವ ಮುಂಚೆ ಬಾಟಲಿಯನ್ನು ಚೆನ್ನಾಗಿ ಕುಲುಕಲೇಬೇಕು. ಕರಗದ ಕಣಗಳು ತಳ ಸೇರುತ್ತವೆ. ಕುಲುಕದೆ ಕೊಟ್ಟರೆ ಮೊದಲ ಡೋಸ್‌ಗಳಲ್ಲಿ ಔಷಧ ಕಡಿಮೆ, ಕೊನೆಯ ಡೋಸ್‌ಗಳಲ್ಲಿ ಹೆಚ್ಚು ಹೋಗುತ್ತದೆ. ಅಡುಗೆಮನೆಯ ಚಮಚ ಬೇಡ. ಜೊತೆಗೆ ಕೊಟ್ಟ ಅಳತೆ ಮುಚ್ಚಳ ಅಥವಾ ಸೂಜಿಯಿಲ್ಲದ ಸಿರಿಂಜಿನಿಂದ ಅಳೆಯಿರಿ. ಅಮಾಕ್ಸಿಸಿಲಿನ್–ಕ್ಲಾವುಲಾನಿಕ್ ಆಮ್ಲದ ಸಿರಪ್ಪನ್ನು ಊಟ ಶುರುಮಾಡುವಾಗ ಕೊಟ್ಟರೆ ಹೊಟ್ಟೆಯ ತೊಂದರೆ ಕಡಿಮೆ.

ಎಲ್ಲಿ ಇಡಬೇಕು?

ಲೇಬಲ್ಲು ಸಾಮಾನ್ಯವಾಗಿ ಇಂಗ್ಲಿಷಿನಲ್ಲೇ ಇರುತ್ತದೆ. ಮನೆಯಲ್ಲಿ ಅಜ್ಜಿ ಅಥವಾ ತಾತ ಮಗುವನ್ನು ನೋಡಿಕೊಳ್ಳುವುದಾದರೆ ಮುಖ್ಯ ಸೂಚನೆಗಳನ್ನು ಕನ್ನಡದಲ್ಲಿ ಒಂದು ಚೀಟಿಯಲ್ಲಿ ಬರೆದು ಫ್ರಿಜ್ಜಿನ ಮೇಲೆ ಅಂಟಿಸಿ. ಎಷ್ಟು ಮಿಲಿಲೀಟರ್, ಎಷ್ಟು ಹೊತ್ತಿಗೆ, ಯಾವ ತಾರೀಖಿನವರೆಗೆ ಎಂಬ ಮೂರು ವಿಷಯ ಅದರಲ್ಲಿರಲಿ. ಮೆಡಿಕಲ್ ಶಾಪಿನವರು ಮರಾಠಿಯಲ್ಲೋ ತಮಿಳಿನಲ್ಲೋ ತೆಲುಗಿನಲ್ಲೋ ಹೇಳಿದ್ದು ಅರ್ಥವಾಗದಿದ್ದರೆ ಸಂಕೋಚ ಬೇಡ, ಇನ್ನೊಮ್ಮೆ ಕೇಳಿ.

ಫ್ರಿಜ್ಜಿನಲ್ಲಿ ಇಡಿ ಎಂದಿದ್ದರೆ 2ರಿಂದ 8 ಡಿಗ್ರಿ ಎಂದರ್ಥ. ಬಾಗಿಲಿನ ಗೂಡು ತೆರೆದಾಗಲೆಲ್ಲ ಬಿಸಿಯಾಗುತ್ತದೆ, ಆದ್ದರಿಂದ ಒಳಗಿನ ತಟ್ಟೆಯಲ್ಲಿಡಿ. ಫ್ರೀಜರಿನಲ್ಲಿ ಇಡಬೇಡಿ.

ಆದರೆ ಎಲ್ಲ ಡ್ರೈ ಸಿರಪ್‌ಗಳಿಗೂ ಫ್ರಿಜ್ ಬೇಕಿಲ್ಲ. ಕ್ಲಾರಿತ್ರೋಮೈಸಿನ್ ಸಿರಪ್ಪನ್ನು ನೀರು ಬೆರೆಸಿದ ಮೇಲೆ ಫ್ರಿಜ್ಜಿನಲ್ಲಿ ಇಡಬಾರದು. ಅದು ಬೇರೆ ಗುಂಪಿನ ಔಷಧ, ಅದರಲ್ಲಿ ಈ ಉಂಗುರವಿಲ್ಲ. ಅವಧಿಯೂ ಒಂದೊಂದಕ್ಕೆ ಒಂದೊಂದು. ಆದ್ದರಿಂದ ಹಿಂದಿನ ಸಲದ ನೆನಪಿನ ಮೇಲೆ ಹೋಗಬೇಡಿ, ಈ ಸಲದ ಲೇಬಲ್ಲು ಓದಿ.

ಎರಡು ಬಾಟಲಿ, ಪ್ರಯಾಣ, ಕರೆಂಟು

ನಮ್ಮಲ್ಲಿ ಇಂಥ ಸಿರಪ್‌ಗಳು ಹೆಚ್ಚಾಗಿ 30 ಮಿಲಿಲೀಟರಿನ ಬಾಟಲಿಯಲ್ಲಿ ಬರುತ್ತವೆ. ದಿನಕ್ಕೆ ಎರಡು ಬಾರಿ 5 ಮಿಲಿಲೀಟರ್ ಎಂದರೆ ಒಂದು ಬಾಟಲಿ ಮೂರು ದಿನಕ್ಕೆ ಮುಗಿಯುತ್ತದೆ. ಕೋರ್ಸ್ ಏಳು ದಿನವಿದ್ದರೆ ಮೂರು ಬಾಟಲಿ ಬೇಕಾಗುತ್ತದೆ. ಒಂದು ಮುಗಿದ ಮೇಲೆ ಇನ್ನೊಂದಕ್ಕೆ ನೀರು ಹಾಕಿ. ಕೋರ್ಸ್ ಹತ್ತು ದಿನವಿದ್ದು ಬಾಟಲಿ ದೊಡ್ಡದಿದ್ದರೆ, ಏಳು ದಿನ ಮುಗಿದ ಮೇಲೆ ಉಳಿದ ಮೂರು ದಿನಕ್ಕೆ ಹೊಸ ಬಾಟಲಿ ಬೇಕು ಎಂಬುದನ್ನು ಮೊದಲೇ ಲೆಕ್ಕ ಹಾಕಿಕೊಳ್ಳಿ. ಇನ್ನೊಂದು ಬಾಟಲಿ ಕೊಳ್ಳುವಾಗ ಹೆಸರಷ್ಟೇ ಅಲ್ಲ, 5 ಮಿಲಿಲೀಟರಿನಲ್ಲಿ ಎಷ್ಟು ಮಿಲಿಗ್ರಾಮ್ ಎಂಬುದನ್ನೂ ಹೋಲಿಸಿ ನೋಡಿ. ಒಂದೇ ಹೆಸರಿನಲ್ಲಿ ಬೇರೆ ಬೇರೆ ಪ್ರಮಾಣದ ಬಾಟಲಿಗಳಿರುತ್ತವೆ.

ಕೋರ್ಸ್ ನಡೆಯುತ್ತಿರುವಾಗಲೇ ಊರಿಗೆ ಹೊರಟಿದ್ದೀರಾ? ಮುಂಬಯಿಯಿಂದ ಹುಬ್ಬಳ್ಳಿಗೋ ಮಂಗಳೂರಿಗೋ ರಾತ್ರಿಯಿಡೀ ರೈಲಿನಲ್ಲಿ ಬೆರೆಸಿದ ಬಾಟಲಿ ತಂಪಾಗಿ ಉಳಿಯುವುದು ಕಷ್ಟ. ಒಣ ಪುಡಿಯ ಹೊಸ ಬಾಟಲಿಯನ್ನು ಚೀಲದಲ್ಲಿ ಇಟ್ಟುಕೊಂಡು, ಊರು ತಲುಪಿದ ಮೇಲೆ ನೀರು ಬೆರೆಸುವುದು ಸುಲಭ ಉಪಾಯ. ದಾರಿಯಲ್ಲಿ ಕೊಡಬೇಕಾದ ಡೋಸ್ ಇದ್ದರೆ ಹಳೆಯ ಬಾಟಲಿಯನ್ನು ಐಸ್ ಪ್ಯಾಕ್ ಇರುವ ಡಬ್ಬಿಯಲ್ಲಿಡಿ. ಐಸಿಗೆ ನೇರವಾಗಿ ತಾಗದಂತೆ ಬಾಟಲಿಗೆ ಬಟ್ಟೆ ಸುತ್ತಿ.

ಕರೆಂಟು ಹೋದರೆ ಫ್ರಿಜ್ಜಿನ ಬಾಗಿಲು ತೆರೆಯದೆ ಬಿಡಿ. ಕೆಲವು ಗಂಟೆ ತಂಪು ಉಳಿಯುತ್ತದೆ. ಬಾಟಲಿ ರಾತ್ರಿಯಿಡೀ ಅಥವಾ ಇಡೀ ದಿನ ಹೊರಗೇ ಉಳಿದಿದ್ದರೆ ಔಷಧವನ್ನು ನಿಲ್ಲಿಸಿಬಿಡಬೇಡಿ. ಫಾರ್ಮಸಿಸ್ಟ್ ಅಥವಾ ಡಾಕ್ಟರಿಗೆ ಫೋನ್ ಮಾಡಿ, ಹೊಸ ಬಾಟಲಿ ಬೇಕೇ ಎಂದು ಕೇಳಿ.

ಮಾತ್ರೆಗೂ ತೇವ ಶತ್ರು

ನೀರು ಎಂದರೆ ಬಾಟಲಿಗೆ ಹಾಕಿದ ನೀರೊಂದೇ ಅಲ್ಲ, ಗಾಳಿಯಲ್ಲಿರುವ ತೇವವೂ ನೀರೇ. ಅಮಾಕ್ಸಿಸಿಲಿನ್–ಕ್ಲಾವುಲಾನಿಕ್ ಆಮ್ಲದ ಮಾತ್ರೆಗಳನ್ನು ದಪ್ಪ ಅಲ್ಯೂಮಿನಿಯಂ ಹಾಳೆಯಲ್ಲಿ ಬಿಗಿಯಾಗಿ ಮುಚ್ಚಿರುವುದು ಅದಕ್ಕೇ. ಅವುಗಳನ್ನು ಮೊದಲೇ ಬಿಡಿಸಿ ಮಾತ್ರೆ ಡಬ್ಬಿಯಲ್ಲಿ ತುಂಬಿಡಬೇಡಿ. ನುಂಗುವ ಹೊತ್ತಿಗೆ ಬಿಡಿಸಿ.

ಹೃದ್ರೋಗಿಗಳು ತೆಗೆದುಕೊಳ್ಳುವ ಆ್ಯಸ್ಪಿರಿನ್ ಕೂಡ ತೇವದಲ್ಲಿ ಹೀಗೇ ಒಡೆಯುತ್ತದೆ. ಒಡೆದಾಗ ಸ್ಯಾಲಿಸಿಲಿಕ್ ಆಮ್ಲ ಮತ್ತು ಅಸಿಟಿಕ್ ಆಮ್ಲ ಉಂಟಾಗುತ್ತವೆ. ಅಸಿಟಿಕ್ ಆಮ್ಲವೇ ವಿನೆಗರಿನ ಹುಳಿ ವಾಸನೆಗೆ ಕಾರಣ. ಆ್ಯಸ್ಪಿರಿನ್ ಡಬ್ಬಿ ತೆರೆದಾಗ ವಿನೆಗರಿನ ವಾಸನೆ ಬಂದರೆ ಆ ಮಾತ್ರೆಗಳನ್ನು ಬಿಟ್ಟು ಹೊಸದು ತನ್ನಿ. ಕೆಟ್ಟ ಔಷಧ ವಾಸನೆಯಿಂದ ಸುಳಿವು ಕೊಡುವ ಅಪರೂಪದ ಉದಾಹರಣೆ ಇದು. ಮುಂಬಯಿಯ ಮಳೆಗಾಲದಲ್ಲಿ ಬಚ್ಚಲುಮನೆಯ ಕಪಾಟು, ಅಡುಗೆಮನೆಯ ಒಲೆಯ ಮೇಲಿನ ಗೂಡು ಔಷಧ ಇಡುವ ಜಾಗವಲ್ಲ.

ಜನರು ಕೇಳುವ ಪ್ರಶ್ನೆಗಳು

ನೀರು ಔಷಧವನ್ನು ಒಡೆಯುವುದಾದರೆ ಹೊಟ್ಟೆಯಲ್ಲಿ, ರಕ್ತದಲ್ಲಿಯೂ ನೀರಿದೆಯಲ್ಲ?
ಇದೆ. ಆದರೆ ಬಾಟಲಿಯಲ್ಲಿ ಔಷಧ ದಿನಗಟ್ಟಲೆ ನೀರಿನಲ್ಲಿರುತ್ತದೆ. ದೇಹದಲ್ಲಿ ಅಮಾಕ್ಸಿಸಿಲಿನ್ ಒಂದೆರಡು ಗಂಟೆಯಲ್ಲಿ ರಕ್ತ ಸೇರಿ, ಕೆಲಸ ಮಾಡಿ, ಕೆಲವೇ ಗಂಟೆಗಳಲ್ಲಿ ಮೂತ್ರದ ಮೂಲಕ ಹೊರಹೋಗುತ್ತದೆ. ಅಷ್ಟು ಕಡಿಮೆ ಸಮಯದಲ್ಲಿ ನೀರಿನಿಂದಾಗುವ ನಷ್ಟ ದೊಡ್ಡದಲ್ಲ. ಹೊತ್ತು ತಪ್ಪದೆ ಡೋಸ್ ಕೊಡಬೇಕು ಎನ್ನುವುದೂ ಅದು ಬೇಗ ಹೊರಹೋಗುವುದರಿಂದಲೇ.

ಎಂಟನೇ ದಿನ ಗೊತ್ತಿಲ್ಲದೆ ಒಂದು ಡೋಸ್ ಕೊಟ್ಟೆವು. ವಿಷವಾಗುತ್ತದೆಯೇ?
ಗಾಬರಿ ಬೇಡ. ಇಲ್ಲಿ ಮುಖ್ಯ ಚಿಂತೆ ವಿಷದ್ದಲ್ಲ, ಔಷಧ ಸಾಲದೆ ಹೋಗುವುದರದ್ದು. ಆ ಬಾಟಲಿ ಬಿಟ್ಟು ಹೊಸದು ತನ್ನಿ, ಡಾಕ್ಟರಿಗೆ ತಿಳಿಸಿ. ಆದರೆ ಹಳೆಯ ಔಷಧಗಳೆಲ್ಲ ನಿರಪಾಯ ಎಂದು ಇದರಿಂದ ತಿಳಿಯಬೇಡಿ. ಅವಧಿ ಮೀರಿದ ಟೆಟ್ರಾಸೈಕ್ಲಿನ್ ಮೂತ್ರಪಿಂಡಕ್ಕೆ ಹಾನಿ ಮಾಡಿದ ಪ್ರಕರಣಗಳು 1960ರ ದಶಕದಲ್ಲೇ ವರದಿಯಾಗಿವೆ.

ಶಕ್ತಿ ಕಡಿಮೆಯಾಗಿದ್ದರೆ ಸ್ವಲ್ಪ ಹೆಚ್ಚು ಕೊಟ್ಟರಾಗದೇ?
ಆಗದು. ಎಷ್ಟು ಉಳಿದಿದೆ ಎಂದು ಮನೆಯಲ್ಲಿ ಅಳೆಯುವ ದಾರಿ ಇಲ್ಲ. ಎರಡು ಔಷಧಗಳೂ ಒಂದೇ ಪ್ರಮಾಣದಲ್ಲಿ ಕೆಟ್ಟಿರುವುದಿಲ್ಲ.

ಮಗು ಚೇತರಿಸಿಕೊಂಡಿದೆ, ಕೋರ್ಸ್ ನಿಲ್ಲಿಸಬಹುದೇ?
ನೀವಾಗಿಯೇ ನಿಲ್ಲಿಸಬೇಡಿ. ಡಾಕ್ಟರು ಹೇಳಿದಷ್ಟು ದಿನ ಕೊಡಿ, ಅಥವಾ ಅವರನ್ನು ಕೇಳಿ ನಿಲ್ಲಿಸಿ.

ಉಳಿದ ಸಿರಪ್ಪನ್ನು ಏನು ಮಾಡಬೇಕು?
ಸಿಂಕಿಗೆ, ಶೌಚಕ್ಕೆ ಸುರಿಯಬೇಡಿ. ಚರಂಡಿ ಸೇರಿದ ಆ್ಯಂಟಿಬಯಾಟಿಕ್ ಅಲ್ಲಿನ ಬ್ಯಾಕ್ಟೀರಿಯಾಗಳಿಗೂ ತಾಗುತ್ತದೆ. ಮೆಡಿಕಲ್ ಶಾಪ್ ಅಥವಾ ಆಸ್ಪತ್ರೆಯಲ್ಲಿ ವಾಪಸ್ ಪಡೆಯುತ್ತಾರೆಯೇ ಎಂದು ಕೇಳಿ. ಇಲ್ಲವಾದರೆ ಬಳಸಿದ ಟೀ ಪುಡಿ ಅಥವಾ ಮಣ್ಣಿನೊಂದಿಗೆ ಕಲಸಿ, ಕವರಿನಲ್ಲಿ ಬಿಗಿದು ಕಸಕ್ಕೆ ಹಾಕಿ.

ಡಾಕ್ಟರನ್ನು ಯಾವಾಗ ಕಾಣಬೇಕು?

- ಔಷಧ ಶುರುಮಾಡಿ ಎರಡು ಮೂರು ದಿನವಾದರೂ ಜ್ವರ ಇಳಿಯದಿದ್ದರೆ ಅಥವಾ ಇಳಿದು ಮತ್ತೆ ಬಂದರೆ. ಹೋಗುವಾಗ ಬಾಟಲಿಯನ್ನೂ ಜೊತೆಗೆ ಒಯ್ಯಿರಿ. ಯಾವಾಗ ಬೆರೆಸಿದಿರಿ, ಎಲ್ಲಿ ಇಟ್ಟಿದ್ದಿರಿ ಎಂದು ಹೇಳಿ.
- ಮಗು ಔಷಧ ಕುಡಿದ ಕೂಡಲೇ ವಾಂತಿ ಮಾಡುತ್ತಿದ್ದರೆ, ಭೇದಿ ಹೆಚ್ಚಾದರೆ, ಮಲದಲ್ಲಿ ರಕ್ತ ಕಂಡರೆ.
- ಮೈಮೇಲೆ ದದ್ದು ಎದ್ದರೆ ಮುಂದಿನ ಡೋಸ್ ಕೊಡುವ ಮುಂಚೆ ಡಾಕ್ಟರನ್ನು ಕೇಳಿ.
- ತುಟಿ, ಮುಖ ಊದಿಕೊಂಡರೆ, ಉಸಿರಾಟಕ್ಕೆ ಕಷ್ಟವಾದರೆ, ಮಗು ಮಂಕಾಗಿ ಎಚ್ಚರ ತಪ್ಪುವಂತಾದರೆ ತಕ್ಷಣ ಹತ್ತಿರದ ಆಸ್ಪತ್ರೆಗೆ ಹೋಗಿ. ಇದು ಪೆನಿಸಿಲಿನ್ ಅಲರ್ಜಿಯ ತುರ್ತು ಲಕ್ಷಣವಿರಬಹುದು.

ಮನೆಯಲ್ಲಿ ಈಗ ನೀರು ಬೆರೆಸಿದ ಬಾಟಲಿ ಇದ್ದರೆ ಒಮ್ಮೆ ತೆಗೆದು ನೋಡಿ. ಬೆರೆಸಿದ ದಿನಾಂಕ ಬರೆದಿಲ್ಲ, ನಿಮಗೂ ನೆನಪಿಲ್ಲ ಎಂದಾದರೆ ಅದನ್ನು ಕೊಡಬೇಡಿ. ಮುಂದಿನ ಬಾಟಲಿಗೆ ನೀರು ಹಾಕುವ ಮುಂಚೆ ಪೆನ್ನು ಕೈಯಲ್ಲಿರಲಿ.

ಈ ಲೇಖನ ಸಾಮಾನ್ಯ ತಿಳಿವಳಿಕೆಗಾಗಿ. ನಿಮ್ಮ ಮಗುವಿನ ಔಷಧ, ಡೋಸ್ ಮತ್ತು ಅವಧಿಯ ವಿಷಯದಲ್ಲಿ ನಿಮ್ಮ ಡಾಕ್ಟರು ಮತ್ತು ಔಷಧದ ಲೇಬಲ್ಲು ಹೇಳಿದ್ದನ್ನೇ ಪಾಲಿಸಿ.